ಮೊದಲು ರಸ್ತೆಯ ಮಟ್ಟ ಹೇಳಿ: ಪುಣೆಯ ರಸ್ತೆ ಅಭಿಯಂತರರಿಗೆ ಬಹಿರಂಗ ಪತ್ರ

ಪುಣೆ ಪ್ರದೇಶದ ರಸ್ತೆಗಳನ್ನು ನೋಡಿಕೊಳ್ಳುವ ಎಲ್ಲ ಕಚೇರಿಗಳ ಅಭಿಯಂತರರಿಗೆ,

ಮಾನ್ಯರೇ,

ಇದರ ಮರಾಠಿ ಪ್ರತಿ ನಿಮ್ಮ ಆವಕ-ಜಾವಕ ಕಿಟಕಿಯಲ್ಲಿ ಠಸ್ಸೆ ಹಾಕಿಸಿಕೊಂಡು ಒಳಗೆ ಬರುತ್ತದೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ವಾಘೋಲಿಯಿಂದ ಹಿಂಜವಡಿಯವರೆಗೆ ಹೊಸ ಕಟ್ಟಡಗಳ ಗೇಟಿನ ಮುಂದೆ ರಸ್ತೆ ಅಗೆಯುವವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ಬಹಳ. ಟೇಪು ಹಿಡಿಯುವ ಸೂಪರ್‌ವೈಸರ್, ತುಂಡು ಗುತ್ತಿಗೆದಾರ, ನಕ್ಷೆ ಬರೆಯುವ ಅಭಿಯಂತರ, ಇವರಲ್ಲೂ ನಮ್ಮವರು ಕಡಿಮೆಯಿಲ್ಲ. ಕಡತ ಎಲ್ಲಿ ಮತ್ತು ಯಾಕೆ ಕೂತಿತು ಎಂಬುದು ಸಾಹೇಬರಿಗೆ ಗೊತ್ತಿದ್ದಷ್ಟೇ ಅವರಿಗೂ ಗೊತ್ತಿರಲಿ.

ನಾವು ಕೇಳುವುದು ಎರಡು. ಕಟ್ಟಡದ ಪ್ಲಿಂತ್ (ನೆಲಗಟ್ಟು) ಏಳುವ ಮೊದಲೇ ಅದರ ಮುಂದಿನ ರಸ್ತೆಯ ಅಂತಿಮ ಮಟ್ಟವನ್ನು ಬರಹದಲ್ಲಿ ಕೊಡಿ. ದೊಡ್ಡ ಅಗೆತದ ಅರ್ಜಿಗೆ ಮುಂಚೆ, ನೆಲದಡಿ ಏನಿದೆಯೆಂದು ನೋಡುವ ಪರೀಕ್ಷಾ ಗುಂಡಿ ತೋಡಲು ಬೇರೆಯದೇ ಒಂದು ಚಿಕ್ಕ ಪರವಾನಗಿ ಕೊಡಿ. ಇವೆರಡು ಇಲ್ಲದ್ದರಿಂದ ಏನೇನು ಕೆಡುತ್ತದೆ, ಮತ್ತು ಇವೆರಡು ಸಿಕ್ಕರೆ ಅರ್ಜಿದಾರರಾದ ನಾವು ಏನೇನು ತಂದೊಪ್ಪಿಸಬೇಕು, ಅದೇ ಕೆಳಗಿನ ಬರಹ.

ಈಗಿನ ಕ್ರಮ ನಿಮಗೆ ಗೊತ್ತೇ ಇದೆ. ಬಾಂಧಕಾಮ (ಕಟ್ಟಡ ಕೆಲಸ) ಆರಂಭದ ಪ್ರಮಾಣಪತ್ರ, ಪ್ಲಿಂತ್ ತಪಾಸಣೆ, ಮಹಡಿ ಮೇಲೆ ಮಹಡಿ. ಬಣ್ಣ ಬಳಿಯುವ ಹೊತ್ತಿಗೆ ಭೋಗವಟಾ ಪತ್ರದ (ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರದ) ನೆನಪಾಗುತ್ತದೆ, ಆಗ ರಸ್ತೆಯದೂ ನೆನಪಾಗುತ್ತದೆ. ಗೇಟಿನ ಇಳಿಜಾರು, ಮಳೆನೀರಿನ ಜೋಡಣೆ, ಒಳಚರಂಡಿ, ನೀರಿನ ನಳ, ಮಹಾವಿತರಣದ (ರಾಜ್ಯದ ವಿದ್ಯುತ್ ವಿತರಣಾ ಕಂಪನಿಯ) ಕೇಬಲ್, ಅಡುಗೆ ಅನಿಲದ ಕೊಳವೆ, ಇಂಟರ್ನೆಟ್ಟಿನ ತಂತಿ, ಒಡೆದ ಫುಟ್‌ಪಾತ್: ಎಂಟು ಕೆಲಸ, ಎಂಟು ಅರ್ಜಿ. ಎಲ್ಲವೂ ಕಡೆಯ ಮೂರು ತಿಂಗಳಲ್ಲಿ. ಒಂದೇ 30 ಮೀಟರ್ ಉದ್ದದ ಮುಂಭಾಗವನ್ನು ಐದು ಸಲ ಅಗೆದು ಐದು ಸಲ ಮುಚ್ಚಿದರೆ ಅದು ರಸ್ತೆಯಾಗಿ ಉಳಿಯುವುದಿಲ್ಲ, ಕೌದಿಯಾಗುತ್ತದೆ.

ಅರ್ಜಿ ಬರೆಯುವ ಮೊದಲು ರಸ್ತೆ ಯಾರದು ಎಂಬುದನ್ನು ಕಾಗದದಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ಇದು ಮಕ್ಕಳ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಅರ್ಜಿಗಳು ಹೆಚ್ಚು ಅಲೆಯುವುದು ಇಲ್ಲಿಯೇ. ಪುಣೆ ಪಾಲಿಕೆಗೆ 2017ರಲ್ಲಿ 11 ಗ್ರಾಮಗಳು, 2021ರಲ್ಲಿ 23 ಗ್ರಾಮಗಳು ಸೇರಿದವು. ಆ 23ಕ್ಕೆ ಯೋಜನಾ ಪ್ರಾಧಿಕಾರವಾಗಿ ಪಿಎಂಆರ್‌ಡಿಎಯನ್ನು (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು) ನೇಮಿಸಲಾಗಿತ್ತು. ಅಂದರೆ ಕಟ್ಟಡದ ನಕ್ಷೆಗೆ ಸಹಿ ಬೀಳುವ ಕಚೇರಿ ಒಂದು, ಅದರ ಮುಂದಿನ ರಸ್ತೆಗೆ ಡಾಂಬರು ಹಾಕುವ ಕಚೇರಿ ಇನ್ನೊಂದು. ಅತ್ತ ಸಾರ್ವಜನಿಕ ಬಾಂಧಕಾಮ ಖಾತೆಯ ರಸ್ತೆಗಳು, ಇತ್ತ ಪುಣೆ ಮತ್ತು ಖಡ್ಕಿ ದಂಡು ಪ್ರದೇಶಗಳು. ಬೆಂಗಳೂರಿಗೆ ಹೋಗುವ 48, ಸೋಲಾಪುರಕ್ಕೆ ಹೋಗುವ 65, ನಾಶಿಕದ 60, ಈ ರಾಷ್ಟ್ರೀಯ ಹೆದ್ದಾರಿಗಳ ಲೆಕ್ಕ ಬೇರೆಯೇ. ವಿಕಾಸ ಯೋಜನೆಯಲ್ಲಿ (ನಗರದ ಭೂಬಳಕೆಯ ನಕ್ಷೆಯಲ್ಲಿ) ತೋರಿಸಿದ ರಸ್ತೆಯಾದರೆ ಇನ್ನೊಂದು ತೊಡಕು: ನಕ್ಷೆಯಲ್ಲಿ 18 ಮೀಟರ್ ಬಣ್ಣ ಬಳಿದಿರುತ್ತದೆ, ಸಾತ್‌ಬಾರಾ ಉತಾರೆಯಲ್ಲಿ (ಜಮೀನಿನ ಪಹಣಿಯಲ್ಲಿ) ಆ ಜಾಗ ಇನ್ನೂ ಹಳೆಯ ಮಾಲೀಕನ ಹೆಸರಿನಲ್ಲೇ ಇರುತ್ತದೆ. ಎಫ್‌ಎಸ್‌ಐ ಅಥವಾ ಟಿಡಿಆರ್ (ಬದಲಿಗೆ ಹೆಚ್ಚು ಕಟ್ಟುವ ಹಕ್ಕು) ಪಡೆದು ಜಾಗ ಬಿಟ್ಟುಕೊಟ್ಟಿದ್ದರೂ ತಾಬಾ ಪಾವತಿ (ಸ್ವಾಧೀನದ ರಸೀದಿ), ಮೋಜಣಿ (ಅಳತೆ) ನಕ್ಷೆ, ಹೆಸರು ಬದಲಾವಣೆ ಮೂರೂ ಆಗಿರದಿದ್ದರೆ ಆ ಜಾಗದಲ್ಲಿ ಅಗೆಯಲು ಅನುಮತಿ ಕೊಡುವ ಅಧಿಕಾರ ಯಾರಿಗೂ ಸ್ಪಷ್ಟವಿರುವುದಿಲ್ಲ. ಗುತ್ತಿಗೆದಾರ ಬಂಧುಗಳೇ, ಈ ಮೂರು ಕಾಗದ ನೋಡದೆ ಜೆಸಿಬಿ ಕರೆಸಬೇಡಿ.

ಈಗ ಮಟ್ಟದ ಮಾತು.

ಪ್ಲಿಂತ್ ಎತ್ತರವನ್ನು ವಾಸ್ತುಶಿಲ್ಪಿ ಆವತ್ತಿನ ರಸ್ತೆಯನ್ನು ನೋಡಿ ಗೊತ್ತುಮಾಡುತ್ತಾನೆ. ಕಟ್ಟಡ ಮುಗಿಯಲು ನಾಲ್ಕು ವರ್ಷ. ಅಷ್ಟರಲ್ಲಿ ಹಳೆಯ ಪದರ ಕೆರೆಯದೆ ಎರಡು ಸಲ 40 ಮಿ.ಮೀ. ಹೊದಿಕೆ ಹಾಕಿದರೆ ರಸ್ತೆ 80 ಮಿ.ಮೀ. ಏರಿತು. ಕಾಂಕ್ರೀಟ್ ಮಾಡುವ ನಿರ್ಧಾರವಾಗಿ ಹಳೆಯ ತಳ ಅಗೆಯದೆ ಮೇಲೇ ಸುರಿದರೆ ಮೊಣಕಾಲವರೆಗೂ ಏರಬಹುದು. ಫುಟ್‌ಪಾತಿನ ಕರ್ಬ್ 150 ಮಿ.ಮೀ. ಮೀರಬಾರದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಐಆರ್‌ಸಿ 103 ಹೇಳುತ್ತದೆ. 80 ನುಂಗಿದ ಮೇಲೆ ಉಳಿಯುವುದು 70. ಮಳೆಗಾಲದಲ್ಲಿ ನೀರು ಅದನ್ನು ದಾಟಿ ಗೇಟಿನೊಳಗೆ ಇಳಿದು ತಳಮಾಳಿಗೆಯ ಪಾರ್ಕಿಂಗಿಗೆ ಹೋಗುತ್ತದೆ. ಆಮೇಲೆ ಬಿಲ್ಡರ್ ಏನು ಮಾಡುತ್ತಾನೆ? ಗೇಟಿನ ಮುಂದೆ ಕಾಂಕ್ರೀಟಿನ ದಿಬ್ಬ ಕಟ್ಟಿಸುತ್ತಾನೆ. ಆ ದಿಬ್ಬ ಫುಟ್‌ಪಾತನ್ನು ಮುರಿಯುತ್ತದೆ, ಮಳೆನೀರಿನ ಗಟಾರದ ಬಾಯಿ ಮುಚ್ಚುತ್ತದೆ. ನಿಮ್ಮ ಅತಿಕ್ರಮಣ ವಿಭಾಗದವರು ಬಂದು ಒಡೆಯುತ್ತಾರೆ. ನಮ್ಮವರಿಗೆ ಕಟ್ಟಿದ ಕೂಲಿಯೂ ಸಿಗುತ್ತದೆ, ಒಡೆದ ಕೂಲಿಯೂ ಸಿಗುತ್ತದೆ ಎಂದು ಸಮಾಧಾನಪಡಬಹುದೇನೋ.

ಆದ್ದರಿಂದ ಮಟ್ಟವನ್ನು ಕೊಡಿ, ಆದರೆ ಪೂರ್ತಿ ಕೊಡಿ. ರಸ್ತೆಯ ಮಧ್ಯದ ಮಟ್ಟವೋ ಅಂಚಿನದೋ ಎಂದು ಬರೆಯದಿದ್ದರೆ ಆ ಅಂಕಿ ಪ್ರಯೋಜನಕ್ಕಿಲ್ಲ. 9 ಮೀಟರ್ ಡಾಂಬರು ರಸ್ತೆಗೆ ಶೇ. 2.5 ಬಾಗು ಹಿಡಿದರೆ ನಡುವಿಗೂ ಅಂಚಿಗೂ 112 ಮಿ.ಮೀ. ವ್ಯತ್ಯಾಸ. ಅಷ್ಟೇ ತಪ್ಪು ಗೇಟಿನ ಇಳಿಜಾರನ್ನು ತಿರುವುಮುರುವು ಮಾಡಲು ಸಾಕು. ಮಟ್ಟದ ಆಧಾರ ಬಿಂದು ಯಾವುದು, ಸಮುದ್ರಮಟ್ಟಕ್ಕೆ ಜೋಡಿಸಿದ್ದೋ ಅಥವಾ ಪಕ್ಕದ ಮೋರಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದೋ, ಅದನ್ನೂ ಬರೆಯಿರಿ. ಮುಂದೆ ಕಾಂಕ್ರೀಟ್ ಆಗುವ ರಸ್ತೆಯಾದರೆ ಆ ಅಂತಿಮ ಮಟ್ಟವನ್ನೇ ಕೊಡಿ. ಮಟ್ಟ ಗೊತ್ತಿದ್ದರೆ ಇಳಿಜಾರು ಪೂರ್ತಿ ನಿವೇಶನದ ಗೆರೆಯೊಳಗೇ ಮುಗಿಯುವಂತೆ ಪ್ಲಿಂತ್ ಎತ್ತುವುದು ನಮ್ಮ ಹೊಣೆ. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲದಲ್ಲಿ ಗೇಟಿನ ಮುಂದೆಯೂ ಅದೇ ಎತ್ತರದಲ್ಲಿ ಸಾಗಬೇಕು; ಕಾರು ಏರಿ ಇಳಿಯಲಿ, ನಡೆಯುವ ಅಜ್ಜಿ ಯಾಕೆ ಇಳಿಯಬೇಕು?

ಗೇಟಿನ ವಿಷಯದಲ್ಲಿ ನಮ್ಮ ಕಡೆಯ ನಕ್ಷೆಗಳು ಮಾಡುವ ಮೋಸವನ್ನೂ ಒಪ್ಪಿಕೊಳ್ಳಬೇಕು. ಬೂಮ್ ತಡೆಯನ್ನು ಕಂಪೌಂಡ್ ಗೋಡೆಗೆ ಅಂಟಿಸಿ ತೋರಿಸುತ್ತೇವೆ, ಒಳಗೆ ಹೂದೋಟಕ್ಕೆ ಜಾಗ ಉಳಿಯಲಿ ಎಂದು. ಹೊರಗಿನಿಂದ ಬಂದ ಒಂದು ಕಾರಿನ ನಂಬರು ಬರೆದು, ಫ್ಲ್ಯಾಟಿನವರ ಒಪ್ಪಿಗೆ ಮೊಬೈಲಿನಲ್ಲಿ ಬರುವವರೆಗೆ 45 ಸೆಕೆಂಡು ಎಂದಿಟ್ಟುಕೊಳ್ಳಿ. ಒಂದು ಸಾಲಿನ ಗೇಟು ಗಂಟೆಗೆ 80 ಕಾರು ದಾಟಿಸುತ್ತದೆ. ಸಂಜೆಯ ಗಂಟೆಯಲ್ಲಿ 60 ಬಂದರೆ ಲೆಕ್ಕ ಸರಿಯಾಗಿದೆ ಎನಿಸುತ್ತದೆ. ಆದರೆ ಕಾರುಗಳು ಗಡಿಯಾರ ನೋಡಿಕೊಂಡು ಒಂದೊಂದಾಗಿ ಬರುವುದಿಲ್ಲ, ಸಿಗ್ನಲ್ ಬಿಟ್ಟಾಗ ಐದು ಒಟ್ಟಿಗೆ ಬರುತ್ತವೆ. ಕಾರಿಗೆ 6 ಮೀಟರಿನಂತೆ 30 ಮೀಟರ್ ಸಾಲು, ಪೂರ್ತಿ ರಸ್ತೆಯ ಮೇಲೆ. ನಕ್ಷೆಯಲ್ಲಿ ಈ ಸಾಲಿನ ಲೆಕ್ಕ ಇಲ್ಲದಿದ್ದರೆ ಅರ್ಜಿ ಹಿಂದಿರುಗಿಸಿ, ನಾವು ಬೇಸರಪಡುವುದಿಲ್ಲ. ಹಾಗೆಯೇ ನೋಟದ ದೂರ, ಅಂದರೆ ಗೇಟಿನಿಂದ ಹೊರಬರುವ ಕಾರು ರಸ್ತೆಯ ಚಾಲಕನಿಗೆ ಎಷ್ಟು ದೂರದಿಂದ ಕಾಣುತ್ತದೆ ಎಂಬುದು. ಗಂಟೆಗೆ 50 ಕಿ.ಮೀ. ವೇಗದ ರಸ್ತೆಯಲ್ಲಿ ನಿಲ್ಲಲು ಬೇಕಾದ ದೂರ 60 ಮೀಟರ್, 65ಕ್ಕೆ 90, 80ಕ್ಕೆ 120. ಚಾಲಕನ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ ಎಂದು ಹಿಡಿದು ಆ ಗೆರೆ ಎಳೆಯಬೇಕು. ಬರಿಯ ನಕ್ಷೆಯ ಮೇಲೆ ಎಳೆದರೆ ಸಾಲದು, ಸ್ಥಳದಲ್ಲಿ ನಿಂತು ನೋಡಬೇಕು. ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ, ಜಾಹೀರಾತು ಫಲಕ ನಕ್ಷೆಯಲ್ಲಿ ಇರುವುದಿಲ್ಲ, ಮೂಲೆಯಲ್ಲಿ ಇದ್ದೇ ಇರುತ್ತವೆ.

ಹೆದ್ದಾರಿಗೆ ತಾಗಿದ ನಿವೇಶನವಾದರೆ ಈ ಯಾವುದೂ ಸಾಕಾಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿಗೆ ಪ್ರವೇಶ ಅನ್ನುವುದು ಜಮೀನಿನ ಜೊತೆ ಬರುವ ಹಕ್ಕಲ್ಲ. 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯಡಿ ಅನುಮತಿ ಪಡೆದು, ಷರತ್ತಿನ ಕರಾರಿಗೆ ಸಹಿ ಹಾಕಿ ಬಳಸುವ ಸೌಲಭ್ಯ. ಕೇಂದ್ರ ಸಾರಿಗೆ ಸಚಿವಾಲಯ 2020ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಖಾಸಗಿ ನಿವೇಶನಗಳೂ ಸೇರಿವೆ. ಮೊದಲು ತಾತ್ಕಾಲಿಕ ಒಪ್ಪಿಗೆ, ನಕ್ಷೆಯಂತೆ ಕಟ್ಟಿದ ಮೇಲೆ ಸ್ಥಳ ತಪಾಸಣೆ, ನಂತರ ಅಂತಿಮ ಒಪ್ಪಿಗೆ. ತಾತ್ಕಾಲಿಕದ್ದನ್ನೇ ಅಂತಿಮವೆಂದು ತಿಳಿದು ಗೇಟು ತೆರೆದವರು ಮುಂದೆ ಮಾರಾಟದ ಹೊತ್ತಿಗೆ ಸಿಕ್ಕಿಬೀಳುತ್ತಾರೆ. ತೆರೆದ ಬಯಲಿನಲ್ಲಿ ಹೆದ್ದಾರಿಯ ನಡುಗೆರೆಯಿಂದ 40 ಮೀಟರಿಗೆ ಕಟ್ಟಡ ರೇಖೆ (ಅದರೊಳಗೆ ಕಟ್ಟುವಂತಿಲ್ಲ), 75 ಮೀಟರಿಗೆ ನಿಯಂತ್ರಣ ರೇಖೆ (ಅದರೊಳಗೆ ಕಟ್ಟುವುದಕ್ಕೆ ನಿರ್ಬಂಧ) ಎಂಬುದು ಐಆರ್‌ಸಿಯ ಮಾನದಂಡ. ಕೆಲವರು ಇದನ್ನು ಡಾಂಬರಿನ ಅಂಚಿನಿಂದ ಅಳೆದು ಬರುತ್ತಾರೆ, ಇನ್ನು ಕೆಲವರು ಸೇವಾ ರಸ್ತೆಯ ನಡುವಿನಿಂದ. ಅಳೆಯಬೇಕಾದ್ದು ಮುಖ್ಯ ಹೆದ್ದಾರಿಯ ನಡುವಿನಿಂದ. ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಲಾರಿಗಳು ಹೇಗೆ ಬರುತ್ತವೆ ಎಂದು ನೋಡಿದವರಿಗೆ, ವೇಗ ತಗ್ಗಿಸುವ ಪ್ರತ್ಯೇಕ ಪಥವನ್ನು ನಕ್ಷೆಯಲ್ಲಿ ಯಾಕೆ ಕೇಳುತ್ತಾರೆಂದು ವಿವರಿಸಬೇಕಿಲ್ಲ. ಪಥ ಬರೆಯುವವರು ಅದರ ಕೆಳಗಿನ ಮೋರಿಯನ್ನೂ ಬರೆಯಬೇಕು; ನಿವೇಶನದ ನೀರು ಹೆದ್ದಾರಿಯ ಮೇಲೆ ಹರಿದರೆ ಅನುಮತಿಯೇ ಹೋದೀತು.

ಎರಡನೆಯ ಬೇಡಿಕೆ, ಪರೀಕ್ಷಾ ಗುಂಡಿ. ಅರ್ಜಿಯ ಜೊತೆ ನೆಲದಡಿಯ ಕೊಳವೆ-ಕೇಬಲ್‌ಗಳ ನಕ್ಷೆ ಕೇಳುತ್ತೀರಿ. ನ್ಯಾಯವೇ. ಆ ನಕ್ಷೆ ಯಾರ ಹತ್ತಿರ ಇದೆ? ನೀರು ಸರಬರಾಜಿನವರ ಬಳಿ ಒಂದು, ಮಹಾವಿತರಣದ ಬಳಿ ಒಂದು, ಅನಿಲ ಕಂಪನಿಯ ಬಳಿ ಇನ್ನೊಂದು. ಒಂದರ ಮೇಲೊಂದು ಇಟ್ಟರೆ ಕೊಳವೆಯೊಳಗಿಂದ ಕೇಬಲ್ ಹೋದಂತೆ ಕಾಣುತ್ತದೆ. ರಾಡಾರ್ ಸಾಧನ ಓಡಿಸಿದರೂ ಒದ್ದೆಯಾದ ಕಪ್ಪು ಎರೆಮಣ್ಣಿನಲ್ಲಿ ಅದರ ಕಣ್ಣು ಮಂದ. ತೋಡಿ ನೋಡುವುದೇ ದಾರಿ. ತೋಡಲು ಪರವಾನಗಿ ಬೇಕು, ಪರವಾನಗಿಗೆ ತೋಡಿ ನೋಡಿದ ನಕ್ಷೆ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.

ನಾವು ಕೇಳುವುದು ಇಷ್ಟು: ರಸ್ತೆ ದಾಟುವ ಪ್ರತಿ ಗೆರೆಯ ಮೇಲೆ ಎರಡು ಅಂಚಿಗೆ ಒಂದೊಂದು, ನಡುವೆ ಒಂದು, ಒಟ್ಟು ಮೂರು ಗುಂಡಿ. ತಲಾ 1 ಮೀಟರ್ ಉದ್ದ, 1 ಮೀಟರ್ ಅಗಲ, 1.5 ಮೀಟರ್ ಆಳ, ಪೂರ್ತಿ ಕೈಯಿಂದ, ಸಲಿಕೆ-ಹಾರೆಯಿಂದ. ಜೆಸಿಬಿ ಹತ್ತಿರ ಸುಳಿಯಬಾರದು. ರಾತ್ರಿ ತೋಡಿ, ಕಂಡದ್ದರ ಆಳ ಅಳೆದು ಫೋಟೋ ತೆಗೆದು, ಬೆಳಗಾಗುವುದರೊಳಗೆ ಮುಚ್ಚುವುದು. 11 ಕಿಲೋವೋಲ್ಟ್ ಕೇಬಲ್ 0.9 ಮೀಟರ್ ಆಳದಲ್ಲಿರಬೇಕು ಎಂದು ಭಾರತೀಯ ಮಾನಕ ಐಎಸ್ 1255 ಹೇಳುತ್ತದೆ. ಬಂಡೆ ಬಂತೆಂದು ಒಂದು ಮೊಳದ ಆಳದಲ್ಲೇ ಎಳೆದು ಹೋಗಿರುವುದು ಪುಣೆಯ ಕರಿಕಲ್ಲಿನ ನೆಲದಲ್ಲಿ ಹೊಸದಲ್ಲ. ಅದು ಮೊದಲೇ ತಿಳಿದರೆ ಗೆರೆ ಬದಲಿಸಬಹುದು. ಹಾರೆ ಬಿದ್ದ ಮೇಲೆ ತಿಳಿದರೆ ಹಾರೆ ಹಿಡಿದವನು ಉಳಿಯುವುದಿಲ್ಲ.

ಅಗೆದ ರಸ್ತೆ ಯಾಕೆ ಕುಸಿಯುತ್ತದೆ ಎಂಬುದಕ್ಕೆ ಒಂದು ಲೆಕ್ಕ ಒಪ್ಪಿಸುತ್ತೇವೆ. 300 ಮಿ.ಮೀ. ಮಳೆನೀರಿನ ಕೊಳವೆ 12 ಮೀಟರ್ ರಸ್ತೆ ದಾಟಬೇಕು. ಕಂದಕ 1 ಮೀಟರ್ ಅಗಲ, 1.6 ಮೀಟರ್ ಆಳ. 19 ಘನ ಮೀಟರಿಗಿಂತ ಸ್ವಲ್ಪ ಹೆಚ್ಚು ಮಣ್ಣು. ಅಗೆದಾಗ ಅರಳಿ 24 ಆಗುತ್ತದೆ, 6 ಘನ ಮೀಟರಿನ ಟಿಪ್ಪರಿಗೆ ನಾಲ್ಕು ಸುತ್ತು. ಈ ಮಣ್ಣನ್ನು ಹೊರಗೆ ಒಯ್ದು ಮುರುಮ್ (ಗರಸು ಮಣ್ಣು) ತರಬೇಕು. ಆದರೆ ನಾಲ್ಕು ಸುತ್ತಿನ ಬಾಡಿಗೆ ಉಳಿಸಲು ಅದೇ ಎರೆಮಣ್ಣನ್ನು ಒಮ್ಮೆಗೇ ತಳ್ಳಿ, ಮೇಲೆ ಜೆಸಿಬಿಯ ಬಕೆಟ್ಟಿನಿಂದ ನಾಲ್ಕು ಸಲ ಬಡಿಯುತ್ತಾರೆ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮೊದಲ ಮಳೆಗಾಲಕ್ಕೇ ಕಂದಕದ ಆಕಾರ ರಸ್ತೆಯ ಮೇಲೆ ಮೂಡುತ್ತದೆ. ಸರಿಯಾದ ಕ್ರಮ ಗುಟ್ಟೇನಲ್ಲ. ಭಾರಿ ವಾಹನದ ರಸ್ತೆಗೆ ಎನ್‌ಪಿ-4 ದರ್ಜೆಯ ಗಟ್ಟಿ ಕಾಂಕ್ರೀಟ್ ಕೊಳವೆ, ಸುತ್ತ ಮರಳು ಅಥವಾ ಸಣ್ಣ ಖಡಿಯ ಹಾಸು, ಮೇಲೆ 150 ಮಿ.ಮೀ.ಯಷ್ಟೇ ಪದರ ಹಾಕಿ ಪ್ಲೇಟ್ ಕಾಂಪ್ಯಾಕ್ಟರ್, ಮೇಲಿನ ಅರ್ಧ ಮೀಟರಿನಲ್ಲಿ ಪ್ರಯೋಗಾಲಯದ ಗರಿಷ್ಠದ ಶೇ. 97 ಸಾಂದ್ರತೆ, ಮರಳು ತುಂಬಿ ಅಳೆಯುವ ಪರೀಕ್ಷೆಯ ಚೀಟಿ. ಕಂದಕ ಇಕ್ಕಟ್ಟಾಗಿ ಯಂತ್ರ ಇಳಿಯದಿದ್ದರೆ ಬಡ ಕಾಂಕ್ರೀಟ್ (ಸಿಮೆಂಟು ಕಡಿಮೆ ಇರುವುದು) ಸುರಿಯುವುದೇ ಅಗ್ಗ. ಮೇಲ್ಪದರ ಹಾಕುವ ಮುನ್ನ ಎರಡೂ ಬದಿಗೆ 300 ಮಿ.ಮೀ. ಹೆಚ್ಚು ಡಾಂಬರನ್ನು ಗರಗಸದಿಂದ ನೇರವಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಹಳೆಯ ಅಂಚು ಕೆಳಗೆ ಟೊಳ್ಳಾಗಿ ನೇತಾಡುತ್ತದೆ.

ಇನ್ನು ಡಾಂಬರು. 12 ಮೀಟರ್ ಉದ್ದ, 1.6 ಮೀಟರ್ ಅಗಲ. ಕೆಳಪದರ 50, ಮೇಲ್ಪದರ 40 ಮಿ.ಮೀ. ಒಟ್ಟು ಮಿಶ್ರಣ ಸುಮಾರು 4 ಟನ್, ಅದೂ ಎರಡು ಬಗೆಯದು. ಅಷ್ಟಕ್ಕೆ ಪ್ಲಾಂಟಿನವರು ಬಾಗಿಲು ತೆರೆಯುವುದಿಲ್ಲ. ಎಲ್ಲೋ ಉಳಿದ ಮಾಲು ಮಧ್ಯಾಹ್ನ ಬರುತ್ತದೆ, ಮೇಲೆ ತಾಡಪತ್ರಿಯೂ ಇಲ್ಲದೆ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ 140 ಡಿಗ್ರಿ ಇರಬೇಕು, ರೋಲರ್ ಕೆಲಸ 90ಕ್ಕಿಂತ ಕೆಳಗಿಳಿಯುವ ಮೊದಲು ಮುಗಿಯಬೇಕು. ತಣ್ಣಗಾದದ್ದು ಖಡಿಯ ರಾಶಿ ಅಷ್ಟೇ, ಎಷ್ಟು ಉರುಳಿಸಿದರೂ ಕೂರುವುದಿಲ್ಲ. ಒಂದೇ ವಾರ್ಡಿನ ಹತ್ತು ಅನುಮತಿಗಳ ಮೇಲ್ಪದರಕ್ಕೆ ನೀವೇ ಒಂದು ದಿನ ಗೊತ್ತುಮಾಡಿದರೆ 40 ಟನ್ ಆಗುತ್ತದೆ, ಪ್ಲಾಂಟು ಬಿಸಿ ಮಾಲು ಕಳಿಸುತ್ತದೆ. ಇದಕ್ಕೆ ಹೊಸ ನಿಯಮ ಬೇಡ, ಒಂದು ಕ್ಯಾಲೆಂಡರ್ ಸಾಕು. ಕಾಂಕ್ರೀಟ್ ರಸ್ತೆಯಲ್ಲಿ ಮಾತ್ರ ತೇಪೆಯ ಮಾತೇ ಬೇಡ: ಒಂದು ಜೋಡಿನಿಂದ ಮುಂದಿನ ಜೋಡಿನವರೆಗೆ ಪೂರ್ತಿ ಚಪ್ಪಡಿ ತೆಗೆದು, ಚಪ್ಪಡಿಗಳನ್ನು ಜೋಡಿಸುವ ಡೋವೆಲ್ ಸರಳು ಮತ್ತೆ ಕೂರಿಸಿ ಹಾಕಬೇಕು, ಅಥವಾ ಅಡಿಯಿಂದ ಕೊರೆದು ಕೊಳವೆ ತಳ್ಳಬೇಕು. ವಾಹನ ಓಡುವ ಜಾಗದ ಚೇಂಬರಿಗೆ 35 ಟನ್ ತಾಳುವ ಇಎಚ್‌ಡಿ (ಅತಿ ಭಾರದ) ಮುಚ್ಚಳವೇ ಬೇಕು. ಫುಟ್‌ಪಾತಿನ ಮುಚ್ಚಳ ತಂದು ಹಾಕಿ ಕಾಂಕ್ರೀಟ್ ಮಿಕ್ಸರ್ ಲಾರಿ ದಾಟಿಸಿದರೆ ಆವತ್ತೇ ಬಿರುಕು.

1.5 ಮೀಟರ್ ಮೀರಿದ ಕಂದಕಕ್ಕೆ ಹಲಗೆಯ ಆಸರೆ ಕೊಡಬೇಕೆಂದು ಐಎಸ್ 3764 ಹೇಳುತ್ತದೆ. ಇದನ್ನು ಅನುಮತಿಯ ಮೊದಲ ಷರತ್ತಾಗಿ ಬರೆಯಿರಿ, ಹದಿನೇಳನೆಯದಾಗಿ ಅಲ್ಲ. ಅಗೆದ ಮಣ್ಣನ್ನು ಕಂದಕದ ಅಂಚಿಗೇ ರಾಶಿ ಹಾಕುವುದು ಆ ಅಂಚಿನ ಮೇಲೆ ಲಾರಿ ನಿಲ್ಲಿಸಿದ ಹಾಗೆ.

ಸಂಚಾರ ಪೊಲೀಸರ ಎನ್‌ಒಸಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವರು ಕೇಳುವುದು ಒಂದು ಹಾಳೆ: ಐಆರ್‌ಸಿ ಎಸ್‌ಪಿ 55ರಂತೆ ಮುನ್ನೆಚ್ಚರಿಕೆ ಫಲಕ ಎಲ್ಲಿ, ಸಾಲು ಎಲ್ಲಿ ಕಿರಿದಾಗುತ್ತದೆ, ಕೆಲಸದ ಜಾಗ ಎಷ್ಟು, ಮತ್ತೆ ಎಲ್ಲಿ ಅಗಲವಾಗುತ್ತದೆ. 2.6 ಮೀಟರ್ ಅಗಲದ ಬಸ್ಸು ಕನ್ನಡಿ ಸಮೇತ ಹೋಗಲು 3.5 ಮೀಟರ್ ಬಿಡಬೇಕು. ಅಷ್ಟು ಉಳಿಯದಿದ್ದರೆ ಅರ್ಧರ್ಧವಾಗಿ ಅಗೆಯಬೇಕು, ಇಲ್ಲವೇ ದಾರಿ ಬದಲಿಸುವ ಅಧಿಸೂಚನೆ ಬೇಕು. ಅದಕ್ಕೆ ಬೇರೆ ದಿನಗಳು ಹಿಡಿಯುತ್ತವೆ. ನಮ್ಮವರು ಮರೆಯುವುದು ಕಟ್ಟಡದ ಸ್ವಂತ ವಾಹನಗಳನ್ನು. 30 ಮೀಟರ್ ಉದ್ದ, 25 ಮೀಟರ್ ಅಗಲ, 1.2 ಮೀಟರ್ ದಪ್ಪದ ತಳಪಾಯ ಎಂದರೆ 900 ಘನ ಮೀಟರ್ ಕಾಂಕ್ರೀಟ್. 6 ಘನ ಮೀಟರಿನ ಲಾರಿ 150 ಸಲ ಬಂದು ಹೋಗಬೇಕು. ಆ ರಾತ್ರಿ ಅದೇ ಗೇಟಿನ ಮುಂದೆ ಕಂದಕ ತೆರೆದಿದ್ದರೆ ಎರಡೂ ನಿಲ್ಲುತ್ತವೆ.

ದೋಷ ಹೊಣೆಗಾರಿಕೆಯ ಅವಧಿ (ಕೆಟ್ಟರೆ ಮಾಡಿದ ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ) ಮುಗಿಯದ ರಸ್ತೆಯೆಂದರೆ ಅಗೆಯುವವರೂ ಅನುಮತಿ ಕೊಡುವವರೂ ಇಬ್ಬರೂ ಬೆವರುತ್ತಾರೆ. ನಮ್ಮ ಸಲಹೆ: ಆ ರಸ್ತೆ ಮಾಡಿದ ಗುತ್ತಿಗೆದಾರನ ಲಿಖಿತ ಒಪ್ಪಿಗೆ ಪಡೆದು, ಮೇಲ್ಪದರವನ್ನು ಅವನಿಂದಲೇ ಹಾಕಿಸಿ. ಹೊರಗಿನವನು ಮುಚ್ಚಿದರೆ, ನಾಳೆ 200 ಮೀಟರ್ ಆಚೆ ಗುಂಡಿ ಬಿದ್ದರೂ ಮೂಲ ಗುತ್ತಿಗೆದಾರ ಇದೇ ಕಂದಕದ ಕಡೆ ಬೆರಳು ತೋರಿಸುತ್ತಾನೆ. ಶುಲ್ಕ ಉದ್ದದ ಮೀಟರಿನ ಮೇಲೆ ಇರುವುದರಿಂದ 40 ಎಂದು ಬರೆದು 55 ಅಗೆಯುವ ಚಾಳಿಯೂ ಇದೆ, ಮುಚ್ಚುಮರೆ ಯಾಕೆ. ಅಗೆಯುವ ಮೊದಲು ಮತ್ತು ಮುಚ್ಚಿದ ಮೇಲೆ ಇಬ್ಬರೂ ನಿಂತು ಟೇಪು ಹಿಡಿದು ಒಂದೇ ಕಾಗದಕ್ಕೆ ಸಹಿ ಹಾಕೋಣ. ಅದೇ ಕಾಗದದಲ್ಲಿ ಠೇವಣಿ ಹಿಂದಿರುಗಿಸುವ ತಾರೀಖೂ ಇರಲಿ. ಠೇವಣಿ ಬರುವ ದಿನ ಗೊತ್ತಿದ್ದವನು ಸಾಂದ್ರತೆಯ ಪರೀಕ್ಷೆಗೆ ದುಡ್ಡು ಹಾಕುತ್ತಾನೆ. ಹೇಗೂ ಬರುವುದಿಲ್ಲ ಎಂದುಕೊಂಡವನು ಎರೆಮಣ್ಣು ತಳ್ಳುತ್ತಾನೆ.

ದಿನಗಳ ಲೆಕ್ಕ ಹೀಗಿದೆ. ಮಳೆಗಾಲದಲ್ಲಿ ತುರ್ತು ಕೆಲಸ ಬಿಟ್ಟು ಅಗೆತವಿಲ್ಲ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೋಗುವ ಆಳಂದಿ ಮತ್ತು ದೇಹೂ ಪಾಲಖಿಗಳ ದಾರಿ, ಭಾದ್ರಪದದಲ್ಲಿ ಗಣಪತಿ ಮೆರವಣಿಗೆಯ ದಾರಿ ಮುಟ್ಟುವಂತಿಲ್ಲ. ಉಳಿಯುವುದು ದಸರೆಯಿಂದ ಮೇ ನಡುವಿನವರೆಗೆ. ಮಾರ್ಚ್‌ನಲ್ಲಿ ಅರ್ಜಿ ಹಾಕಿ ಜೂನ್ ಒಂದಕ್ಕೆ ಫ್ಲ್ಯಾಟಿನ ಕೀಲಿ ಕೊಡುತ್ತೇವೆ ಎನ್ನುವ ಬಿಲ್ಡರ್ ಗ್ರಾಹಕನಿಗೂ ನಿಮಗೂ ಒಂದೇ ಸುಳ್ಳು ಹೇಳುತ್ತಿದ್ದಾನೆ. ಪ್ಲಿಂತ್ ತಪಾಸಣೆಯ ಕಡತದಲ್ಲೇ ರಸ್ತೆಯ ಹಾಳೆ ಇರಬೇಕೆಂದು ನೀವು ಕೇಳತೊಡಗಿದರೆ, ಎಂಟು ಅರ್ಜಿಯ ಬದಲು ಎಲ್ಲ ಕೊಳವೆ-ಕೇಬಲ್‌ಗಳನ್ನೂ ಆಳ ಸಮೇತ ತೋರಿಸುವ 1:500 ನಕ್ಷೆ, ಉದ್ದ ಛೇದ, ಅಡ್ಡ ಛೇದ, ಗುಂಡಿಗಳ ಫೋಟೋ, ಕೆಲಸದ ವೇಳಾಪಟ್ಟಿ, ಕೂಲಿಕಾರರ ವಿಮೆ, ಇಷ್ಟನ್ನೂ ಒಂದೇ ಸಲ ತಂದುಕೊಡುವುದು ನಮ್ಮ ಕೆಲಸ. ಒಂದು ಜಂಟಿ ಸ್ಥಳಭೇಟಿಗೆ ನಿಮ್ಮಲ್ಲಿ ಒಬ್ಬರು, ಸಂಚಾರ ಪೊಲೀಸರಲ್ಲಿ ಒಬ್ಬರು, ನೀರು ಮತ್ತು ವಿದ್ಯುತ್ತಿನವರು ಒಬ್ಬೊಬ್ಬರು ಬಂದರೆ ಆ ನಕ್ಷೆಯ ಮೇಲೆ ಅಲ್ಲೇ ಕೆಂಪು ಪೆನ್ನಿನಿಂದ ತಿದ್ದಬಹುದು.

ಈ ಸಲ ದಸರೆಯ ನಂತರ ಒಂದು ವಾರ್ಡಿನಲ್ಲಾದರೂ ಪರೀಕ್ಷಾ ಗುಂಡಿಯ ಪರವಾನಗಿ ಮಾಡಿ ನೋಡಿ. ನಮೂನೆ ಅರ್ಜಿಯನ್ನು ಮರಾಠಿ ಪ್ರತಿಗೆ ಲಗತ್ತಿಸಿದ್ದೇವೆ. ಒಂದೇ ಪುಟ, ಅದರಲ್ಲಿ ಮಟ್ಟ ಬರೆಯಲು ಬಿಟ್ಟಿರುವ ಖಾಲಿ ಚೌಕ ನಿಮ್ಮದು.

ಇಂತಿ,
ಪುಣೆಯಲ್ಲಿ ರಸ್ತೆ, ಗಟಾರ ಮತ್ತು ಕಟ್ಟಡ ಕೆಲಸ ಮಾಡುವ ಕೆಲವು ಕನ್ನಡಿಗ ಅಭಿಯಂತರರು ಮತ್ತು ಗುತ್ತಿಗೆದಾರರು